ಮೊದಲ ಬ್ಲಾಗು ಎಲ್ಲಿರಬೇಕು?

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಆ ಅಣೆಕಟ್ಟು ಅದಕ್ಕೆ ಮೊದಲು ತುಂಬಿ ಹರಿದದ್ದು 1933ರಲ್ಲಿ. ನಡುವೆ 89 ವರ್ಷ. ಆ ದಿನಗಳಲ್ಲಿ ಚಿತ್ರದುರ್ಗ ಜಿಲ್ಲೆಯ ಜನ ಬರೆದದ್ದೇ ಬರೆದದ್ದು. 1933ರ ಕೋಡಿ ಕಂಡಿದ್ದ ತಾತ ಹೇಳುತ್ತಿದ್ದ ಮಾತು, ಗಾಡಿ ಕಟ್ಟಿಕೊಂಡು ನೀರು ನೋಡಲು ಹೋದ ಕಥೆ, ಡ್ಯಾಮಿನ ತಳ ಕಾಣುತ್ತಿದ್ದ ವರ್ಷಗಳಲ್ಲಿ ಒಣಗಿ ನಿಂತ ತೆಂಗಿನ ತೋಟ. ಕೆಳಗೆ ಹಿರಿಯೂರಿನಲ್ಲಿ ಬಾಗಿನದ ಸಂಭ್ರಮ. ಮೇಲೆ ಹೊಸದುರ್ಗ ತಾಲ್ಲೂಕಿನಲ್ಲಿ ಹಿನ್ನೀರು ತೋಟಕ್ಕೆ ನುಗ್ಗಿದವರ ಸಂಕಟ. ಎರಡೂ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಫೇಸ್‌ಬುಕ್ಕಿನಲ್ಲಿ ಹರಿದವು.

ಈಗ ಅವನ್ನು ಹುಡುಕಿದರೆ ಸಿಗುವುದಿಲ್ಲ. ಪತ್ರಿಕೆಯ ವರದಿ ಸಿಗುತ್ತದೆ, ಡ್ರೋನ್ ವಿಡಿಯೊ ಸಿಗುತ್ತದೆ, ಎಷ್ಟು ಅಡಿ ನೀರಿತ್ತು ಎಂಬ ಲೆಕ್ಕ ಸಿಗುತ್ತದೆ. ಜನ ತಾವೇ ಕೂತು ಬರೆದದ್ದು ಮಾತ್ರ ಎಲ್ಲೋ ಹಳೆಯ ಫೋನಿನಲ್ಲಿ, ಯಾರೂ ಹಿಂದಕ್ಕೆ ಸರಿಸಿ ನೋಡದ ಗೋಡೆಯ ಮೇಲೆ ಹೂತುಹೋಗಿದೆ. 1933ರ ನೆನಪಿದ್ದ ಹಿರಿಯರ ಮಾತನ್ನು ಕೇಳಿ ಬರೆದಿಡಲು ಸಿಕ್ಕ ಕೊನೆಯ ಅವಕಾಶ ಬಹುಶಃ ಅದೇ ಆಗಿತ್ತು. ಬರೆದದ್ದೂ ಆಯಿತು. ಬರೆದ ಜಾಗ ಸರಿಯಿರಲಿಲ್ಲ.

ನಮ್ಮ ಕಡೆ ಬರೆಯುವವರಿಗೆ ಬರವಿಲ್ಲ. ಹೊಳಲ್ಕೆರೆಯ ನಿವೃತ್ತ ಮೇಷ್ಟ್ರು, ಅಡಿಕೆ ತೋಟ ಉಳಿಸಿಕೊಳ್ಳಲು ಟ್ಯಾಂಕರ್ ನೀರು ಕೊಂಡು ಹಾಕಿದ ರೈತ, ಚಿತ್ರದುರ್ಗದಲ್ಲಿ ಓದುತ್ತಿರುವ ಹುಡುಗಿ, ಸಾಣೇಹಳ್ಳಿಯ ಶಿವಸಂಚಾರ ತಂಡದ ನಾಟಕವನ್ನು ವರ್ಷ ತಪ್ಪದೆ ನೋಡುವ ಹೊಸದುರ್ಗದ ಅಂಗಡಿಯವರು, ಇವರೆಲ್ಲರಿಗೂ ಹೇಳಲು ಏನಾದರೂ ಇದೆ. ಬ್ಲಾಗು ಶುರು ಮಾಡಬೇಕೆಂದು ಹೊರಟಾಗ ಇವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಬ್ಲಾಗ್‌ಸ್ಪಾಟೋ ವರ್ಡ್‌ಪ್ರೆಸ್ಸೋ? ಯಾವುದು ಸುಲಭ, ಯಾವುದು ಚೆಂದ ಕಾಣುತ್ತೆ, ಯಾವುದರಲ್ಲಿ ನಾಲ್ಕು ಕಾಸು ಬರುತ್ತೆ? ಇವು ತಪ್ಪು ಪ್ರಶ್ನೆಗಳೆಂದು ನಾನು ಹೇಳುವುದಿಲ್ಲ, ಆದರೆ ಎರಡನೆಯ ಸಾಲಿನವು. ಮೊದಲು ಕೇಳಬೇಕಾದದ್ದು ಬೇರೆ: ನಾಳೆ ಇಲ್ಲಿಂದ ಹೊರಡಬೇಕಾಗಿ ಬಂದರೆ, ಬರೆದದ್ದನ್ನೆಲ್ಲ ಕಟ್ಟಿಕೊಂಡು ಹೊರಡಲು ಆಗುತ್ತದೆಯೇ? ಬೇರೆಯವರ ಹಗೇವಿನಲ್ಲಿ ರಾಗಿ ತುಂಬಿಡುವುದರಲ್ಲಿ ತಪ್ಪಿಲ್ಲ. ಬಾಯಿ ಎಲ್ಲಿದೆ, ಯಾವಾಗ ಬೇಕಾದರೂ ತೆಗೆಯಬಹುದೇ ಎಂಬುದು ನಮಗೆ ಗೊತ್ತಿರಬೇಕು ಅಷ್ಟೆ.

ಹೊರಡುವ ಮಾತನ್ನು ಶುರುವಿನಲ್ಲೇ ಏಕೆ ಆಡಬೇಕು ಎಂದು ಅನ್ನಿಸಬಹುದು. ಅಂತರಜಾಲದಲ್ಲಿ ಮುಚ್ಚಿದ ಅಂಗಡಿಗಳ ಸಾಲು ಅಷ್ಟು ಉದ್ದವಿದೆ. ಲಕ್ಷಾಂತರ ಜನರ ಮೊದಲ ಪುಟಗಳಿದ್ದ ಜಿಯೊಸಿಟೀಸನ್ನು ಯಾಹೂ 2009ರಲ್ಲಿ ಮುಚ್ಚಿತು. ನಮ್ಮ ಹುಡುಗರು ಮೊದಲ ಬಾರಿಗೆ ಕನ್ನಡದಲ್ಲಿ ಹರಟಿದ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಕೊನೆಯಾಯಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಹೋಯಿತು. ಫೇಸ್‌ಬುಕ್ಕಿನಲ್ಲಿ ‘ನೋಟ್ಸ್’ ಎಂಬ ವಿಭಾಗವಿತ್ತು, ಉದ್ದದ ಬರಹಕ್ಕೆ ಹೇಳಿ ಮಾಡಿಸಿದಂಥದ್ದು. 2020ರ ಅಕ್ಟೋಬರ್ ಕೊನೆಗೆ ಅದರಲ್ಲಿ ಹೊಸದಾಗಿ ಬರೆಯುವುದನ್ನು ನಿಲ್ಲಿಸಿದರು. ಬಿಟ್ಟಿ ಸಿಗುವುದರ ಹಣೆಬರಹವೇ ಇಷ್ಟು, ದುಡ್ಡು ಕೊಟ್ಟರೆ ಭದ್ರ ಎಂದುಕೊಳ್ಳುವ ಹಾಗೂ ಇಲ್ಲ. ಟೈಪ್‌ಪ್ಯಾಡ್ ಹಣ ಕೊಟ್ಟು ಬಳಸುವ ಬ್ಲಾಗ್ ಸೇವೆಯಾಗಿತ್ತು, 2003ರಿಂದ ನಡೆದುಬಂದಿತ್ತು. 2025ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕಿತು. ಬರಹ ಹೊರತೆಗೆದುಕೊಳ್ಳಲು ಬಳಕೆದಾರರಿಗೆ ಸಿಕ್ಕದ್ದು ಸುಮಾರು ಒಂದು ತಿಂಗಳು.

ಮುಚ್ಚುವುದು ಒಂದೇ ಅಪಾಯವಲ್ಲ. 2006ರ ಜುಲೈನಲ್ಲಿ ಮುಂಬಯಿಯ ರೈಲು ಸ್ಫೋಟಗಳ ನಂತರ ಕೇಂದ್ರದ ದೂರಸಂಪರ್ಕ ಇಲಾಖೆ ಕೆಲವೇ ಕೆಲವು ಪುಟಗಳನ್ನು ತಡೆಯಲು ಹೇಳಿತು. ಅಂತರಜಾಲ ಸೇವೆ ಕೊಡುವ ಕಂಪನಿಗಳು ಒಂದೊಂದೇ ಪುಟವನ್ನು ತಡೆಯುವ ಬದಲು ಬ್ಲಾಗ್‌ಸ್ಪಾಟನ್ನೇ ಇಡಿಯಾಗಿ ತಡೆದುಬಿಟ್ಟವು. ಅಡುಗೆ ಬರೆದವರು, ಕವಿತೆ ಬರೆದವರು, ಯಾರ ತಂಟೆಗೂ ಹೋಗದವರು, ಎಲ್ಲರ ಪುಟವೂ ಕೆಲವು ದಿನ ಕಾಣದಾಯಿತು.

ಇದಕ್ಕಿಂತ ಸದ್ದಿಲ್ಲದೆ ಆದ ನಷ್ಟ ಇನ್ನೊಂದಿದೆ. ಹೆಚ್ಚಿನವರಿಗೆ ಅದು ಗೊತ್ತೇ ಇಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬ್ಲಾಗ್‌ಸ್ಪಾಟಿನ ವಿಳಾಸಗಳು ಮೂಲದಲ್ಲಿ ‘ಬ್ಲಾಗ್‌ಸ್ಪಾಟ್ ಡಾಟ್ ಕಾಮ್’ ಎಂದೇ ಮುಗಿಯುತ್ತವೆ. 2012ರಿಂದ ಗೂಗಲ್ ಪ್ರತಿ ದೇಶಕ್ಕೂ ಬೇರೆ ಬಾಲ ಅಂಟಿಸತೊಡಗಿತು. ಭಾರತದಲ್ಲಿ ಕೂತು ತೆರೆದರೆ ಅದೇ ಬ್ಲಾಗು ‘ಬ್ಲಾಗ್‌ಸ್ಪಾಟ್ ಡಾಟ್ ಇನ್’ ಎಂದು ಕಾಣುತ್ತಿತ್ತು. ಓದಿ ಮೆಚ್ಚಿದವರು ಆ ವಿಳಾಸವನ್ನೇ ನಕಲು ಮಾಡಿ ಗೆಳೆಯರಿಗೆ ಕಳಿಸಿದರು, ತಮ್ಮ ಲೇಖನಗಳಲ್ಲಿ ಹಾಕಿಕೊಂಡರು, ವಿಕಿಪೀಡಿಯದ ಅಡಿಟಿಪ್ಪಣಿಗೂ ಸೇರಿಸಿದರು. ಮುಂದೆ ಗೂಗಲ್ ಈ ದೇಶವಾರು ಪದ್ಧತಿಯನ್ನು ಬಿಟ್ಟಿತು. 2020ರಲ್ಲಿ ‘ಬ್ಲಾಗ್‌ಸ್ಪಾಟ್ ಡಾಟ್ ಇನ್’ ಎಂಬ ಹೆಸರು ಅದರ ಕೈತಪ್ಪಿ ಬೇರೆಯವರ ಪಾಲಾಯಿತು. ಆ ಬಾಲದ ಕೊಂಡಿಗಳೆಲ್ಲ ಒಮ್ಮೆಲೇ ಸತ್ತವು. ಬ್ಲಾಗುಗಳು ಇದ್ದಲ್ಲೇ ಇದ್ದವು, ಅವಕ್ಕೆ ಹೋಗುವ ದಾರಿ ಮುಚ್ಚಿತ್ತು. ಬರೆದವರು ಯಾವ ತಪ್ಪನ್ನೂ ಮಾಡಿರಲಿಲ್ಲ. ನಿಮ್ಮಲ್ಲಿ ಅಂಥ ಹಳೆಯ ಕೊಂಡಿ ಇದ್ದರೆ ಕೊನೆಯ ‘ಇನ್’ ತೆಗೆದು ‘ಕಾಮ್’ ಹಾಕಿ ನೋಡಿ. ಬಹಳಷ್ಟು ಸಲ ತೆರೆದುಕೊಳ್ಳುತ್ತದೆ.

ಹೀಗಿರುವಾಗ ಯಾವ ಕಂಪನಿಯನ್ನು ನಂಬಬೇಕು? ಯಾವುದನ್ನೂ ಪೂರ್ತಿ ನಂಬಬೇಕಾಗಿಲ್ಲ ಎಂಬುದೇ ನನ್ನ ಉತ್ತರ. ಬರಹ ಒಂದಕ್ಕಿಂತ ಹೆಚ್ಚು ಕಡೆ ಇರುವಂತೆ ನೋಡಿಕೊಂಡರೆ ನಂಬಿಕೆಯ ಭಾರ ಇಳಿಯುತ್ತದೆ. ಈ ಪಾಠಕ್ಕೆ ನಮ್ಮ ಜಿಲ್ಲೆ ಬಿಟ್ಟು ಹೊರಗೆ ಹೋಗಬೇಕಾಗಿಲ್ಲ. ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬಿ. ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ ಅಶೋಕನ ಶಾಸನಗಳು ಒಂದಲ್ಲ, ಮೂರು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರೂ ಕೆಲವೇ ಕಿಲೋಮೀಟರ್ ಅಂತರದಲ್ಲಿವೆ. ಕೆತ್ತಿದ್ದು ಹೆಚ್ಚುಕಮ್ಮಿ ಒಂದೇ ಪಾಠ. ಜಟಿಂಗ ರಾಮೇಶ್ವರದ ಬೆಟ್ಟದ ಮೇಲಿರುವ ಬಂಡೆಗೆ ಬಳೆಗಾರರ ಗುಂಡು ಎಂದು ಹೆಸರು; ಜಾತ್ರೆಯಲ್ಲಿ ಬಳೆ ಮಾರುವವರು ಅಲ್ಲಿ ಅಂಗಡಿ ಹೂಡುತ್ತಿದ್ದರಂತೆ. ಆ ಶಾಸನ ತೀರ ಸವೆದುಹೋಗಿದೆ. ಅದೊಂದೇ ಇದ್ದಿದ್ದರೆ ನಮಗೆ ಸಿಗುತ್ತಿದ್ದದ್ದು ಅಲ್ಲೊಂದು ಇಲ್ಲೊಂದು ಅಕ್ಷರ. ಬ್ರಹ್ಮಗಿರಿಯ ಬಂಡೆ ಚೆನ್ನಾಗಿ ಉಳಿದಿರುವುದರಿಂದ ಅದನ್ನು ಪಕ್ಕದಲ್ಲಿಟ್ಟುಕೊಂಡು ಇದನ್ನೂ ಓದಲು ಸಾಧ್ಯವಾಯಿತು. ಕಲ್ಲಿನಲ್ಲಿ ಬರೆದರೂ ಮೂರು ಕಡೆ ಬರೆಸಿದ್ದರು ಎಂಬುದು ನಾವು ನೆನಪಿಡಬೇಕಾದ ಸಂಗತಿ.

ಆದ್ದರಿಂದ ಜಾಗ ಆರಿಸುವಾಗ ನಾನು ಮೊದಲು ನೋಡುವುದು ಅಲ್ಲಿಂದ ಪ್ರತಿ ತೆಗೆಯುವ ದಾರಿಯನ್ನು. ಬ್ಲಾಗರ್ (ಬ್ಲಾಗ್‌ಸ್ಪಾಟ್ ವಿಳಾಸ ಕೊಡುವ ಗೂಗಲ್ ಸೇವೆಯ ಹೆಸರು ಇದು), ವರ್ಡ್‌ಪ್ರೆಸ್ ಎರಡರಲ್ಲೂ ಅದು ಇದೆ. ಬ್ಲಾಗರ್‌ನ ಸೆಟ್ಟಿಂಗ್ಸಿನಲ್ಲಿ ಬ್ಯಾಕಪ್ ಒತ್ತಿದರೆ ಬರಹಗಳು, ಓದುಗರ ಪ್ರತಿಕ್ರಿಯೆಗಳು ಸೇರಿ ಒಂದು ಕಡತವಾಗಿ ಇಳಿಯುತ್ತವೆ. ವರ್ಡ್‌ಪ್ರೆಸ್ಸಿನಲ್ಲಿ ಎಕ್ಸ್‌ಪೋರ್ಟ್ ಎಂಬ ಹೆಸರಿನಲ್ಲಿ ಅದೇ ಸೌಲಭ್ಯ. ಬ್ಲಾಗರ್‌ನಿಂದ ಇಳಿಸಿಕೊಂಡದ್ದನ್ನು ವರ್ಡ್‌ಪ್ರೆಸ್ಸಿಗೆ ಏರಿಸುವುದಕ್ಕೂ ವ್ಯವಸ್ಥೆ ಇದೆ. ಒಂದು ಎಚ್ಚರಿಕೆ: ಈ ಕಡತದಲ್ಲಿ ಚಿತ್ರಗಳು ಇರುವುದಿಲ್ಲ, ಚಿತ್ರಗಳ ವಿಳಾಸ ಮಾತ್ರ ಇರುತ್ತದೆ. ಕೋಟೆಯ ಫೋಟೊ, ಅಜ್ಜಿಯ ಫೋಟೊ, ಜಾತ್ರೆಯ ತೇರಿನ ಫೋಟೊ ಇವನ್ನೆಲ್ಲ ಬೇರೆಯಾಗಿ ಒಂದು ಫೋಲ್ಡರಿನಲ್ಲಿ ಇಟ್ಟುಕೊಳ್ಳಬೇಕು. ಬ್ಯಾಕಪ್ ಆಗಿದೆಯಲ್ಲ ಎಂದು ನೆಮ್ಮದಿಯಿಂದಿದ್ದವರು ಪುಟ ಹೋದ ಮೇಲೆ ಚಿತ್ರಗಳಿಗಾಗಿ ಪರದಾಡುತ್ತಾರೆ.

ಇಷ್ಟಕ್ಕೂ ಮೊದಲಿನ ಒಂದು ಹೆಜ್ಜೆ ಇದೆ. ಬರಹ ಯಾವ ರೂಪದಲ್ಲಿದೆ ಎಂಬುದು. ಚಿತ್ರದುರ್ಗದ ಡಿಟಿಪಿ ಅಂಗಡಿಗೆ ಹೋಗಿ ನೋಡಿ. ಮದುವೆ ಪತ್ರಿಕೆ, ಸಂಘದ ವರದಿ, ಸ್ಮರಣ ಸಂಚಿಕೆ ಎಲ್ಲ ನುಡಿ ಅಥವಾ ಶ್ರೀಲಿಪಿಯ ಹಳೆಯ ಫಾಂಟುಗಳಲ್ಲೇ ತಯಾರಾಗುತ್ತವೆ. ನಮ್ಮ ಹಿರಿಯ ಲೇಖಕರ ಬಳಿ ಇರುವ ಕಡತಗಳೂ ಅವೇ. ಅವನ್ನು ತಂದು ಬ್ಲಾಗಿನ ಪುಟಕ್ಕೆ ಅಂಟಿಸಿದಾಗ ಕನ್ನಡ ಮಾಯವಾಗುತ್ತದೆ. ‘ಕನ್ನಡ’ ಎಂದು ಬರೆದ ಕಡೆ ಇಂಗ್ಲಿಷಿನ ಪಿ ಅಕ್ಷರ, ತಲೆಯ ಮೇಲೆ ಗೆರೆ ಹೊತ್ತ ಎ, ‘ನ’ ಇರಬೇಕಾದಲ್ಲಿ ಬ್ರಿಟಿಷರ ಪೌಂಡ್ ಚಿಹ್ನೆ. ಹಳೆಯ ಫಾಂಟಿನಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ಅದು ಎಂದೂ ಕನ್ನಡ ಆಗಿರಲೇ ಇಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಆಕಾರ ತೊಡಿಸಿದ್ದರು, ಅಷ್ಟೆ. ಫಾಂಟು ತೆಗೆದರೆ ಆಕಾರ ಕಳಚುತ್ತದೆ.

ಇದಕ್ಕೆ ಬೇಸತ್ತವರು ಕಂಡುಕೊಂಡ ಉಪಾಯ ಬರಹವನ್ನು ಚಿತ್ರವಾಗಿ ಉಳಿಸಿ ಹಾಕುವುದು. ದಯವಿಟ್ಟು ಹಾಗೆ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಚಿತ್ರವಾದ ಬರಹ ಹುಡುಕಿದರೆ ಸಿಗುವುದಿಲ್ಲ, ನಕಲು ಮಾಡಲು ಆಗುವುದಿಲ್ಲ, ಕಣ್ಣು ಮಂಜಾದವರಿಗೆ ಫೋನು ಅದನ್ನು ಸಲೀಸಾಗಿ ಓದಿ ಹೇಳಲಾರದು. ಕಂಪ್ಯೂಟರು ಕನ್ನಡವನ್ನು ಕನ್ನಡವೆಂದೇ ಗುರುತಿಸುವ ಯೂನಿಕೋಡಿನಲ್ಲಿ ಬರೆಯಿರಿ. ಇವತ್ತು ಯಾವ ಫೋನಿನ ಕೀಲಿಮಣೆಯಲ್ಲಿ ಕನ್ನಡ ಒತ್ತಿದರೂ ಬರುವುದು ಯೂನಿಕೋಡೇ. ಹಳೆಯ ನುಡಿ ಕಡತಗಳನ್ನು ಬದಲಾಯಿಸಲು ನುಡಿ ತಂತ್ರಾಂಶದಲ್ಲೇ ಪರಿವರ್ತಕ ಇದೆ. ಬದಲಾದ ಮೇಲೆ ಒಮ್ಮೆ ಕೂತು ಓದಬೇಕು. ಅರ್ಕಾವೊತ್ತು ಅಕ್ಷರ ತಪ್ಪಿ ಕೂತಿರಬಹುದು, ಕೆಲವು ಒತ್ತಕ್ಷರ ಬಿಡಿಯಾಗಿರಬಹುದು. ಮೂವತ್ತು ವರ್ಷದ ಬರಹ ಇದ್ದವರಿಗೆ ಇದು ತಿಂಗಳುಗಟ್ಟಲೆಯ ಕೆಲಸ, ಒಪ್ಪುತ್ತೇನೆ. ಮನೆಯಲ್ಲಿ ಓದುತ್ತಿರುವ ಮೊಮ್ಮಕ್ಕಳಿದ್ದರೆ ಅವರನ್ನು ಕೂರಿಸಿಕೊಳ್ಳಿ. ಅಜ್ಜನ ಬರಹ ಮೊದಲು ಓದಿದವರೂ ಅವರೇ ಆಗುತ್ತಾರೆ.

ಜಾಗ ಆರಿಸಿದ ಮೇಲೆ ಮೊದಲ ಬರಹ ಹಾಕುವಾಗಲೇ ಎದುರಾಗುವ ಒಂದು ಸಣ್ಣ ತೊಡಕನ್ನು ಇಲ್ಲೇ ಹೇಳಿಬಿಡುತ್ತೇನೆ. ಬ್ಲಾಗರ್‌ಗೆ ಬರಹದ ವಿಳಾಸದಲ್ಲಿ ಕನ್ನಡ ಅಕ್ಷರ ಸೇರಿಸಲು ಬರುವುದಿಲ್ಲ. ‘ಹಾಲುರಾಮೇಶ್ವರದ ಒಂದು ಬೆಳಗು’ ಎಂದು ಶೀರ್ಷಿಕೆ ಕೊಟ್ಟರೆ, ಅಷ್ಟನ್ನೂ ಬಿಟ್ಟು ಬರಿಯ ‘ಬ್ಲಾಗ್-ಪೋಸ್ಟ್’ ಎಂದು ವಿಳಾಸ ಮಾಡಿಬಿಡುತ್ತದೆ. ಮುಂದಿನದಕ್ಕೆ ಅದರ ಜೊತೆ ಒಂದು ಅಂಕಿ. ವರ್ಷ ಕಳೆದ ಮೇಲೆ ಯಾವ ವಿಳಾಸ ಯಾವ ಬರಹದ್ದು ಎಂದು ಬರೆದವರಿಗೇ ತಿಳಿಯುವುದಿಲ್ಲ. ವರ್ಡ್‌ಪ್ರೆಸ್ ಕನ್ನಡವನ್ನು ಉಳಿಸಿಕೊಳ್ಳುತ್ತದೆ, ಆದರೆ ಅದನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಿದಾಗ ಶೇಕಡಾ ಚಿಹ್ನೆ, ಅಂಕಿಗಳು ತುಂಬಿದ ಮಾರುದ್ದದ ಸಾಲಾಗುತ್ತದೆ. ಅದನ್ನು ಕಂಡು ಯಾವುದೋ ಮೋಸದ ಕೊಂಡಿ ಇರಬೇಕೆಂದು ಜನ ಒತ್ತುವುದೇ ಇಲ್ಲ. ಎರಡರಲ್ಲೂ ವಿಳಾಸವನ್ನು ನಾವೇ ಬರೆಯುವ ಅವಕಾಶವಿದೆ. ಪ್ರಕಟಿಸುವ ಮೊದಲು ಇಂಗ್ಲಿಷ್ ಅಕ್ಷರಗಳಲ್ಲಿ ಊರಿನ ಹೆಸರು, ವಿಷಯ, ವರ್ಷ ಇಷ್ಟನ್ನು ಚಿಕ್ಕದಾಗಿ ಬರೆದುಕೊಂಡರೆ ಸಾಕು.

ಎರಡರಲ್ಲಿ ಒಂದನ್ನು ಹೇಳಿ ಎಂದರೆ, ನಮ್ಮ ಊರುಗಳಲ್ಲಿ ಮೊದಲ ಬಾರಿಗೆ ಬರೆಯುವವರಿಗೆ ನಾನು ಬ್ಲಾಗರನ್ನೇ ಹೇಳುತ್ತೇನೆ. ಅದು 1999ರಲ್ಲಿ ಶುರುವಾದದ್ದು, 2003ರಲ್ಲಿ ಗೂಗಲ್ ಕೊಂಡುಕೊಂಡಿತು. ಹಳೆಯದು, ಅಲಂಕಾರ ಕಡಿಮೆ, ಹೊಸತನ ಬಂದು ಎಷ್ಟೋ ಕಾಲವಾಯಿತು. ಆದರೆ ನೀವು ಬೇಡವೆಂದರೆ ನಿಮ್ಮ ಪುಟದಲ್ಲಿ ಜಾಹೀರಾತು ಇರುವುದಿಲ್ಲ. ಮುಂದೆ ಸ್ವಂತ ಹೆಸರಿನ ವಿಳಾಸ ಕೊಂಡರೆ ಅದನ್ನು ಜೋಡಿಸಲು ಗೂಗಲ್ ದುಡ್ಡು ಕೇಳುವುದಿಲ್ಲ. ವರ್ಡ್‌ಪ್ರೆಸ್ ಡಾಟ್ ಕಾಮ್‌ನ ಉಚಿತ ಯೋಜನೆಯಲ್ಲಿ ನಿಮ್ಮ ಬರಹದ ನಡುವೆ ಅವರ ಜಾಹೀರಾತು ಬರುತ್ತದೆ, ಸ್ವಂತ ವಿಳಾಸ ಜೋಡಿಸಲು ಹಣ ತೆರಬೇಕು. ತೀರಿಹೋದ ತಂದೆಯ ಬಗ್ಗೆ ಬರೆದ ಸಾಲುಗಳ ನಡುವೆ ಸಾಲದ ಆ್ಯಪಿನ ಜಾಹೀರಾತು ಕಾಣುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಇನ್ನೊಂದು ಕಡೆ, ಪೂರ್ತಿ ಫೋನಿನಲ್ಲೇ ಬರೆಯುವವರಿಗೆ ವರ್ಡ್‌ಪ್ರೆಸ್ಸಿನ ಆ್ಯಪು ಹೆಚ್ಚು ಅನುಕೂಲ. ಜಗತ್ತಿನ ಜಾಲತಾಣಗಳಲ್ಲಿ ಶೇಕಡಾ 40ಕ್ಕೂ ಹೆಚ್ಚು ವರ್ಡ್‌ಪ್ರೆಸ್ ತಂತ್ರಾಂಶದ ಮೇಲೆ ನಿಂತಿವೆ, ಅದರ ಮೂಲ ಯಾವ ಒಂದು ಕಂಪನಿಯ ಸೊತ್ತೂ ಅಲ್ಲ ಎಂಬುದು ದೊಡ್ಡ ಬಲ. ಅದನ್ನು ಆರಿಸಿಕೊಂಡವರೊಂದಿಗೆ ನಾನು ವಾದಕ್ಕೆ ಇಳಿಯುವುದಿಲ್ಲ. ಕನ್ನಡದ ಜಾಲಪತ್ರಿಕೆ ‘ಅವಧಿ’ 2007ರಲ್ಲಿ ಮೊದಲಾದದ್ದು ವರ್ಡ್‌ಪ್ರೆಸ್ಸಿನ ಉಚಿತ ವಿಳಾಸದಲ್ಲೇ, ಸ್ವಂತ ವಿಳಾಸಕ್ಕೆ ಹೋದದ್ದು ಆಮೇಲೆ.

ಮೀಡಿಯಂ, ಸಬ್‌ಸ್ಟ್ಯಾಕ್ ಎಂಬ ಹೆಸರುಗಳನ್ನೂ ಹುಡುಗರು ಹೇಳುತ್ತಾರೆ. ಮೊದಲನೆಯದು ಓದುಗರನ್ನು ನಡುವೆ ತಡೆದು ಲಾಗಿನ್ ಆಗಿ ಎನ್ನುತ್ತದೆ. ಎರಡನೆಯದು ಇ-ಮೇಲಿನ ಮೇಲೆ ನಿಂತಿದೆ, ನಮ್ಮ ತಾಲ್ಲೂಕುಗಳಲ್ಲಿ ಇ-ಮೇಲನ್ನು ಕೂತು ಓದುವ ರೂಢಿ ಕಡಿಮೆ. ಧಾರಾವಾಹಿ ಕಥೆ ಬರೆಯುವವರಿಗೆ ಪ್ರತಿಲಿಪಿ ಆ್ಯಪಿನಲ್ಲಿ ಓದುಗರು ತಯಾರಾಗಿ ಸಿಗುತ್ತಾರೆ. ಬರೆಯಲಿ, ಜೊತೆಗೆ ತಮ್ಮದೊಂದು ಪ್ರತಿ ಬೇರೆ ಕಡೆ ಇಟ್ಟುಕೊಳ್ಳಲಿ.

‘ಗೂಗಲ್ ಎಷ್ಟು ಸೇವೆಗಳನ್ನು ಮುಚ್ಚಿಲ್ಲ, ಬ್ಲಾಗರನ್ನು ನಾಳೆ ಮುಚ್ಚಿದರೆ?’ ಎಂದು ಕೇಳುವವರ ಆತಂಕ ನಿಜವಾದದ್ದೇ. ಗೂಗಲ್ ರೀಡರನ್ನು 2013ರಲ್ಲಿ ಮುಚ್ಚಿದಾಗ ಬ್ಲಾಗುಗಳನ್ನು ಹಿಂಬಾಲಿಸಿ ಓದುತ್ತಿದ್ದ ಎಷ್ಟೋ ಜನರ ಅಭ್ಯಾಸವೇ ತಪ್ಪಿಹೋಯಿತು. ಬ್ಲಾಗರನ್ನೂ ಮುಚ್ಚಬಹುದು. ತಿಂಗಳಿಗೊಮ್ಮೆ ಪ್ರತಿ ಇಳಿಸಿಕೊಂಡವರಿಗೆ ಅದು ಒಂದು ವಾರದ ಓಡಾಟ, ಇಳಿಸಿಕೊಳ್ಳದವರಿಗೆ ಸರ್ವನಾಶ. ಬ್ಲಾಗರಿನ ಆಯುಷ್ಯದ ಮೇಲೆ ನಾನು ಭರವಸೆ ಇಟ್ಟಿಲ್ಲ. ಅದರಿಂದ ಹೊರಗೆ ಬರುವುದು ಸುಲಭವಾದ್ದರಿಂದ ಅದನ್ನು ಆರಿಸುತ್ತಿದ್ದೇನೆ.

ಹಾಗಾದರೆ ಮೊದಲ ದಿನವೇ ಸ್ವಂತ ಜಾಲತಾಣ ಮಾಡಿಕೊಳ್ಳಬಾರದೇಕೆ? ತಂತ್ರಜ್ಞಾನ ಬಲ್ಲ ಗೆಳೆಯರು ಕೊಡುವ ಸಲಹೆ ಇದೇ. ವಿಳಾಸದ ಹೆಸರಿಗೆ ವರ್ಷಕ್ಕೆ ಸುಮಾರು ಸಾವಿರ ರೂಪಾಯಿ, ಜಾಗದ ಬಾಡಿಗೆಗೆ ಇನ್ನೊಂದಷ್ಟು ಸಾವಿರ. ಮೊದಲ ವರ್ಷದ ರಿಯಾಯಿತಿ ಎರಡನೆಯ ವರ್ಷ ಇರುವುದಿಲ್ಲ. ದುಡ್ಡಿಗಿಂತ ಹೆಚ್ಚಾಗಿ ನನ್ನನ್ನು ತಡೆಯುವುದು ಇನ್ನೊಂದು ಯೋಚನೆ. ಬ್ಲಾಗು ಶುರು ಮಾಡುವವರಲ್ಲಿ ಅರವತ್ತು ದಾಟಿದವರು ನಮ್ಮಲ್ಲಿ ಬಹಳ. ಅವರು ಹೋದ ಮೇಲೆ ವರ್ಷವರ್ಷ ಹಣ ಕಟ್ಟುವವರು ಯಾರು? ಕಾರ್ಡಿನ ಅವಧಿ ಮುಗಿಯುತ್ತದೆ, ನೆನಪಿಸುವ ಸಂದೇಶ ಯಾರೂ ತೆರೆಯದ ಇ-ಮೇಲಿಗೆ ಹೋಗುತ್ತದೆ, ಹೆಸರು ಹರಾಜಿಗೆ ಬರುತ್ತದೆ. ಸತ್ತವರ ಹೆಸರಿನ ವಿಳಾಸ ತೆರೆದರೆ ಜೂಜಿನ ಜಾಹೀರಾತು ಬರುವ ಪುಟಗಳನ್ನು ನೀವೂ ನೋಡಿರಬಹುದು. ಉಚಿತ ಬ್ಲಾಗಿಗೆ ಬಾಕಿಯ ಭಯವಿಲ್ಲ. ಬರೆದವರು ನಿಲ್ಲಿಸಿ ಹತ್ತು ವರ್ಷವಾದರೂ ತೆರೆದುಕೊಳ್ಳುವ ಕನ್ನಡ ಬ್ಲಾಗುಗಳು ಬೇಕಾದಷ್ಟಿವೆ.

ಅಲ್ಲಿಯೂ ಮೈಮರೆಯುವಂತಿಲ್ಲ. ಎರಡು ವರ್ಷ ಬಳಸದೆ ಬಿಟ್ಟ ಖಾತೆಗಳನ್ನು ಅಳಿಸಬಹುದು ಎಂದು ಗೂಗಲ್ 2023ರಲ್ಲಿ ನಿಯಮ ಮಾಡಿದೆ. ಇದಕ್ಕೆ ಅದರಲ್ಲೇ ಒಂದು ಏರ್ಪಾಡು ಇದೆ: ನಾನು ಇಷ್ಟು ತಿಂಗಳು ಖಾತೆ ಮುಟ್ಟದಿದ್ದರೆ ಇಂಥವರಿಗೆ ತಿಳಿಸಿ, ನನ್ನ ಬರಹಗಳನ್ನು ಅವರಿಗೆ ಕೊಡಿ ಎಂದು ಮೊದಲೇ ಬರೆದಿಡಬಹುದು. ಮೂರು ತಿಂಗಳಿಂದ ಹದಿನೆಂಟು ತಿಂಗಳವರೆಗೆ ಅವಧಿ ಆರಿಸಬಹುದು, ಹತ್ತು ಜನರವರೆಗೆ ಹೆಸರಿಸಬಹುದು. 2013ರಿಂದ ಈ ಸೌಲಭ್ಯ ಇದ್ದರೂ ನನ್ನ ಪರಿಚಯದ ಲೇಖಕರಲ್ಲಿ ಇದನ್ನು ಬಳಸಿದವರನ್ನು ನಾನು ಕಾಣೆ. ಜಮೀನಿನ ಪಹಣಿ, ವಿಮೆಯ ನಾಮಿನಿ ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿಟ್ಟವರೂ ಬರಹದ ವಾರಸುದಾರರನ್ನು ಹೆಸರಿಸಿರುವುದಿಲ್ಲ. ಮಗಳಿಗೋ ಅಳಿಯನಿಗೋ ನಂಬಿಕೆಯ ಶಿಷ್ಯನಿಗೋ ಒಂದು ಮಾತು ಹೇಳಿಟ್ಟು ಅವರ ಹೆಸರು ಸೇರಿಸಿ. ಯುವಕರು ಎರಡು ಮೂರು ವರ್ಷ ಬರೆದು ಕೈ ಕುದುರಿದ ಮೇಲೆ ಸ್ವಂತ ವಿಳಾಸ ಕೊಳ್ಳಲಿ, ಅದರಿಂದ ಮುಂದೆ ಜಾಗ ಬದಲಿಸಿದರೂ ಓದುಗರಿಗೆ ವಿಳಾಸ ಬದಲಾಗುವುದಿಲ್ಲ. ಮಂಗಳೂರಿನ ಜಿ. ಎನ್. ಅಶೋಕವರ್ಧನರು ಅತ್ರಿ ಬುಕ್ ಸೆಂಟರ್ ಮುಚ್ಚಿದ ಮೇಲೂ ಅದೇ ಹೆಸರಿನ ಸ್ವಂತ ವಿಳಾಸದಲ್ಲಿ ಬರೆಯುತ್ತ ಬಂದರು. ಅಂಗಡಿ ಹೋಯಿತು, ಹೆಸರು ಓದುಗರ ಬಳಿ ಉಳಿಯಿತು. ಹಿರಿಯರ ವಿಷಯದಲ್ಲಿ ಮಾತ್ರ ನಾನು ಉಚಿತ ವಿಳಾಸದ ಪರ.

ಇಷ್ಟೆಲ್ಲ ತಾಪತ್ರಯ ಏಕೆ, ಓದುಗರಿರುವುದು ಫೇಸ್‌ಬುಕ್ಕಿನಲ್ಲಿ ಅಲ್ಲವೇ ಎಂಬುದು ಅತ್ಯಂತ ಗಟ್ಟಿಯಾದ ಆಕ್ಷೇಪ. ಅಲ್ಲಿ ಸಂಜೆ ಹಾಕಿದರೆ ರಾತ್ರಿಯೊಳಗೆ ನೂರು ಜನ ಮೆಚ್ಚುತ್ತಾರೆ, ಬ್ಲಾಗಿಗೆ ವಾರಕ್ಕೆ ಹತ್ತು ಜನ ಬಂದರೆ ಹೆಚ್ಚು. ಬರೆಯುವವರಿಗೆ ಓದುಗರ ಮುಖ ಕಾಣಬೇಕು, ಅದನ್ನು ಹಗುರವಾಗಿ ಕಾಣುವಂತಿಲ್ಲ. ಫೇಸ್‌ಬುಕ್ಕಿನಲ್ಲಿ ಬರೆಯಬೇಡಿ ಎಂದು ನಾನು ಹೇಳುತ್ತಿಲ್ಲ. ಬರಹವನ್ನು ಬ್ಲಾಗಿನಲ್ಲಿಟ್ಟು ಅದರ ಎರಡು ಸಾಲು, ಕೊಂಡಿ ಅಲ್ಲಿ ಹಾಕಿ. ಕೊಂಡಿ ಒತ್ತಿ ಬರುವವರು ಕಡಿಮೆ ಎಂದಾದರೆ ಪೂರ್ತಿ ಬರಹವನ್ನೇ ಅಲ್ಲೂ ಹಾಕಿ, ನಷ್ಟವೇನಿಲ್ಲ. ಮೂಲ ಬ್ಲಾಗಿನಲ್ಲಿರಲಿ. ಇವತ್ತಿನ ಓದುಗರು ಫೇಸ್‌ಬುಕ್ಕಿನಲ್ಲಿದ್ದಾರೆ, ಸರಿ. ಆದರೆ ಹತ್ತು ವರ್ಷದ ನಂತರ ಧರ್ಮಪುರ ಕೆರೆಯ ಬಗ್ಗೆಯೋ ಹೊಳಲ್ಕೆರೆಯ ಬಯಲು ಗಣಪತಿಯ ಬಗ್ಗೆಯೋ ಹುಡುಕುವ ವಿದ್ಯಾರ್ಥಿ ಬರುವುದು ಗೂಗಲಿನಿಂದ. ಅವನಿಗೆ ಸಿಗಬೇಕಾದರೆ ಬರಹ ಲಾಗಿನ್ ಕೇಳದ ಪುಟದಲ್ಲಿರಬೇಕು.

ವಾಟ್ಸ್‌ಆ್ಯಪಿನ ತೊಂದರೆ ಇನ್ನೂ ಆಳದ್ದು. ಅಲ್ಲಿ ಬರಹ ಓಡುತ್ತದೆ, ಬರೆದವರ ಹೆಸರು ಹಿಂದೆ ಉಳಿಯುತ್ತದೆ. ಎರಡನೆಯ ಕೈಗೆ ಹೋಗುವಷ್ಟರಲ್ಲಿ ಕೊನೆಯ ಸಾಲಿನಲ್ಲಿದ್ದ ಹೆಸರು ಯಾರೋ ಅಳಿಸಿರುತ್ತಾರೆ, ಹತ್ತನೆಯ ಕೈಗೆ ಹೋಗುವಷ್ಟರಲ್ಲಿ ಬೇರೊಬ್ಬರ ಹೆಸರು ಸೇರಿರುತ್ತದೆ. ಮೇಲೆ ಹೇಳಿದ ಮೂರು ಶಾಸನಗಳಲ್ಲಿ ಅಶೋಕನ ಆಜ್ಞೆ ಮುಗಿದ ಮೇಲೆ ಬರೆದವನ ಹೆಸರಿದೆ: ಚಪಡ. ತಾನು ಲಿಪಿಕಾರ ಎಂಬುದನ್ನು ಅವನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬೇರೆಯಾಗಿ ಕೆತ್ತಿದ್ದಾನೆ. ಸಾಮ್ರಾಟನ ಮಾತಿನ ಕೆಳಗೆ ಬರೆಯುವ ಕೆಲಸದವನೊಬ್ಬ ತನ್ನ ಹೆಸರು ಉಳಿಸಿಕೊಂಡ. ನಮ್ಮ ಜಿಲ್ಲೆಯಲ್ಲಿ ಇವತ್ತು ತಮ್ಮ ಸ್ವಂತ ಮಾತನ್ನೇ ಬರೆದವರ ಹೆಸರು ಮೂರು ದಿನ ಉಳಿಯುತ್ತಿಲ್ಲ.

ಬರೆಯುವವರು ಒಂದು ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಕು. ಊರಾಚೆಯ ಹಾಳು ಗುಡಿ, ಹೊಲದ ಬದುವಿನ ವೀರಗಲ್ಲು, ಇವುಗಳ ಫೋಟೊ ಹಾಕುವಾಗ ಜಾಗದ ನಿಖರ ಗುರುತು ಬಿಟ್ಟುಕೊಡಬೇಡಿ. ನಿಧಿಗಳ್ಳರ ಕಾಟ ನಮ್ಮ ಕಡೆ ಎಷ್ಟೆಂದು ಎಲ್ಲರಿಗೂ ಗೊತ್ತು. ಫೋನಿನ ಕ್ಯಾಮೆರಾದಲ್ಲಿ ಸ್ಥಳ ದಾಖಲಿಸುವ ಗುಂಡಿಯನ್ನು ಆಫ್ ಮಾಡಿಯೇ ಚಿತ್ರ ತೆಗೆಯಿರಿ.

ಉಳಿದಂತೆ, ಸಣ್ಣ ವಿಷಯ ಎಂದು ಹಿಂಜರಿಯಬೇಕಾಗಿಲ್ಲ. ಚಳ್ಳಕೆರೆ ತಾಲ್ಲೂಕಿನ ಬೆಳಗೆರೆಯ ಕೃಷ್ಣಶಾಸ್ತ್ರಿಗಳು ಮೇಷ್ಟ್ರಾಗಿದ್ದವರು. ಮುಕುಂದೂರು ಸ್ವಾಮಿಗಳ ಜೊತೆ ಕಳೆದ ದಿನಗಳನ್ನು, ಅವರಾಡಿದ ಮಾತನ್ನು ಆ ಮಾತಿನ ಧಾಟಿಯಲ್ಲೇ ಬರೆದಿಟ್ಟರು. ‘ಯೇಗ್ದಾಗೆಲ್ಲಾ ಐತೆ’ ಇಂದಿಗೂ ಜನ ಹುಡುಕಿ ಓದುವ ಪುಸ್ತಕ. ತನ್ನ ಕಿವಿಯಾರೆ ಕೇಳಿದ್ದನ್ನು ತನ್ನೂರಿನ ನುಡಿಯಲ್ಲಿ ಬರೆಯುವುದು, ಬ್ಲಾಗಿಗೆ ಬೇಕಾದದ್ದು ಇಷ್ಟೇ. ಒಬ್ಬ ರೈತ ತನ್ನ ಜಮೀನಿನಲ್ಲಿ ಯಾವ ವರ್ಷ ಎಷ್ಟು ಅಡಿಗೆ ಕೊಳವೆಬಾವಿ ಕೊರೆಸಿದ, ಎಷ್ಟು ಇಂಚು ನೀರು ಬಂತು, ಯಾವ ಬೇಸಿಗೆಯಲ್ಲಿ ನಿಂತಿತು ಎಂದು ವರ್ಷಕ್ಕೆ ನಾಲ್ಕು ಸಾಲು ಬರೆದಿಟ್ಟರೂ ಮುಂದೆ ಅದರ ಬೆಲೆ ಗೊತ್ತಾಗುತ್ತದೆ. ಒಂದೊಂದು ಹೊಲದ ಅಂಥ ಕಥೆ ಸರ್ಕಾರದ ಅಂಕಿಅಂಶಗಳಲ್ಲಿ ಇರುವುದಿಲ್ಲ. ಶಿವಸಂಚಾರ 1997ರಿಂದ ಊರೂರು ಸುತ್ತುತ್ತಿದೆ. ನಾಟಕಗಳ ಪಟ್ಟಿ ಸಿಗುತ್ತದೆ, ನೋಡಿದವರಿಗೆ ಏನನ್ನಿಸಿತು ಎಂಬುದು ಸಿಗುವುದಿಲ್ಲ.

ಇವೆಲ್ಲ ಒಬ್ಬೊಬ್ಬರೇ ಮಾಡಿಕೊಳ್ಳಬೇಕಾದ ಕೆಲಸ. ಊರು ಮಾಡಬೇಕಾದದ್ದೂ ಒಂದಿದೆ. ಕನ್ನಡ ಸಾಹಿತ್ಯ ಪರಿಷತ್ತಿಗೆ ತಾಲ್ಲೂಕು ಘಟಕಗಳಿವೆ, ತಾಲ್ಲೂಕು ಸಮ್ಮೇಳನಗಳು ನಡೆಯುತ್ತವೆ, ಪುಸ್ತಕಗಳು ಬಿಡುಗಡೆಯಾಗುತ್ತವೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ಘಟಕಗಳು ತಮ್ಮ ತಾಲ್ಲೂಕಿನಲ್ಲಿ ಯಾರು ಯಾವ ವಿಳಾಸದಲ್ಲಿ ಬರೆಯುತ್ತಿದ್ದಾರೆ ಎಂಬ ಪಟ್ಟಿ ಇಟ್ಟುಕೊಂಡು, ವರ್ಷಕ್ಕೊಮ್ಮೆ ಅವರಿಂದ ಬ್ಯಾಕಪ್ ಕಡತ ಪಡೆದು ಜಿಲ್ಲಾ ಗ್ರಂಥಾಲಯಕ್ಕೋ ಹತ್ತಿರದ ಕಾಲೇಜಿನ ಗ್ರಂಥಾಲಯಕ್ಕೋ ಒಪ್ಪಿಸಬೇಕು. ಜೊತೆಗೆ ಕಾಗದದ ಒಂದು ಪ್ರತಿ. ಐವತ್ತು ಬರಹದ ಒಂದು ಬ್ಲಾಗನ್ನು ಎ4 ಹಾಳೆಯಲ್ಲಿ ಮುದ್ರಿಸಿ, ಮೇಲೆ ಬರೆದವರ ಹೆಸರು, ಊರು, ವರ್ಷ ಹಾಕಿ ಸ್ಪೈರಲ್ ಬೈಂಡ್ ಮಾಡಿಸಲು ಚಿತ್ರದುರ್ಗದ ಯಾವ ಜೆರಾಕ್ಸ್ ಅಂಗಡಿಯಲ್ಲೂ ಅರ್ಧ ದಿನ ಸಾಕು.